ಹಾಲು ಅರಗದವರ ಹಾಲಿನ ಸಾಮ್ರಾಜ್ಯ

ಮಂಗೋಲರು ಅಂದ ಕೂಡಲೇ ಬಿಲ್ಲು, ಬಾಣ, ಕುದುರೆ ನೆನಪಾಗುತ್ತವೆ. ನನಗೆ ಅವರ ಹಾಲಿನ ಕಥೆಯೇ ಜಾಸ್ತಿ ಇಷ್ಟ. 1206ರಲ್ಲಿ ಚೆಂಗೀಸ್ ಖಾನನನ್ನು ದೊರೆಯೆಂದು ಒಪ್ಪಿದ ಆ ಅಲೆಮಾರಿ ಜನರಿಗೆ ಬೇಸಿಗೆಯಲ್ಲಿ ಹಾಲೇ ಮುಖ್ಯ ಆಹಾರ. ಕುರಿ, ಆಡು, ಹಸು, ಒಂಟೆ, ಕುದುರೆ ಎಲ್ಲವನ್ನೂ ಕರೆಯುತ್ತಿದ್ದರು. ಆದರೆ ಅವರಲ್ಲಿ ಬಹುಪಾಲು ಜನಕ್ಕೆ, ದೊಡ್ಡವರಾದ ಮೇಲೆ ಹಾಲನ್ನು ಪೂರ್ತಿ ಅರಗಿಸುವ ಶಕ್ತಿ ಇರಲಿಲ್ಲ!

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯಲು ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆ ಮಕ್ಕಳಲ್ಲಿ ಇದು ಧಾರಾಳ. ಬೆಳೆಯುತ್ತಾ ಹೆಚ್ಚಿನವರಲ್ಲಿ ಇಳಿದುಹೋಗುತ್ತದೆ. ಉತ್ತರ ಯುರೋಪಿನಲ್ಲಿ, ನಮ್ಮ ದೇಶದ ವಾಯವ್ಯ ಭಾಗದಲ್ಲಿ ಬಹಳ ಜನಕ್ಕೆ ಒಂದು ಜೀನಿನ ಬದಲಾವಣೆಯಿಂದ ಕಿಣ್ವ ಕೊನೆಯವರೆಗೂ ಉಳಿಯುತ್ತದೆ. ಹೈನುಗಾರಿಕೆ ಹಳೆಯದಾದ ಕಡೆಯಲ್ಲೆಲ್ಲ ಈ ಬದಲಾವಣೆ ಹರಡಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಮಂಗೋಲಿಯದಲ್ಲಿ ಹಾಗಾಗಲಿಲ್ಲ. ಅಲ್ಲಿನ ಹಳೆಯ ಸಮಾಧಿಗಳಲ್ಲಿ ಸಿಕ್ಕ ಹಲ್ಲುಗಳ ಮೇಲಿನ ಗಟ್ಟಿ ಪಾಚಿಯನ್ನು ಕೆರೆದು ನೋಡಿದಾಗ ಹಾಲಿನ ಪ್ರೋಟೀನ್ ಸಿಕ್ಕಿತು. ಸುಮಾರು 5,000 ವರ್ಷ ಹಿಂದೆಯೇ ಅಲ್ಲಿ ಹಾಲು ಬಳಕೆಯಲ್ಲಿತ್ತು. ಕುದುರೆ ಹಾಲಿನ ಗುರುತು ಸುಮಾರು 3,000 ವರ್ಷ ಹಳೆಯದು. ಆದರೆ ಹಳೆಯ ಎಲುಬು, ಹಲ್ಲುಗಳ ಡಿಎನ್‌ಎಯಲ್ಲಿ ಆ ಜೀನ್ ಬದಲಾವಣೆ ಆಗಲೂ ಅಪರೂಪ, ಈಗಲೂ ಅಪರೂಪ.

ಹಾಗಾದರೆ ದಕ್ಕಿಸಿಕೊಂಡಿದ್ದು ಹೇಗೆ? ಉತ್ತರದ ದೊಡ್ಡ ಪಾಲು ಹುಳಿಯಲ್ಲಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ನಮ್ಮವರು ಎಷ್ಟೋ ಮಂದಿ ಮಜ್ಜಿಗೆಯನ್ನು ಲೋಟಗಟ್ಟಲೆ ಕುಡಿಯುತ್ತಾರಲ್ಲ, ಹಾಗೆ. ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದಷ್ಟು ಭಾಗವನ್ನು ಮೊದಲೇ ತಿಂದು ಆಮ್ಲ ಮಾಡಿರುತ್ತವೆ.

ಕುದುರೆ ಹಾಲು ಇನ್ನೂ ಕಷ್ಟದ್ದು. ಅದರಲ್ಲಿ ಹಸುವಿನ ಹಾಲಿಗಿಂತ ಲ್ಯಾಕ್ಟೋಸ್ ಹೆಚ್ಚು. ಹಾಲನ್ನು ಹೆಪ್ಪುಗಟ್ಟಿಸುವ ಕೇಸಿನ್ ಎಂಬ ಪ್ರೋಟೀನ್ ಕಡಿಮೆ, ಹಾಗಾಗಿ ಗಟ್ಟಿ ಮೊಸರಾಗುವುದಿಲ್ಲ. ಮರಿ ಪಕ್ಕದಲ್ಲಿದ್ದರೇ ಕುದುರೆ ಹಾಲು ಬಿಡುವುದು, ಅದೂ ಒಂದು ಸಲಕ್ಕೆ ಸ್ವಲ್ಪ. ಆದ್ದರಿಂದ ದಿನಕ್ಕೆ ಹಲವು ಸಲ ಕರೆಯಬೇಕು. ಈ ಹಾಲನ್ನು ಚರ್ಮದ ಚೀಲಕ್ಕೆ ಸುರಿದು ಕೋಲಿನಿಂದ ಸಾವಿರಾರು ಸಲ ಕಡೆಯುತ್ತಾರೆ. ಚೀಲ ಗುಡಾರದ ಬಾಗಿಲ ಬಳಿಯೇ ಇರುತ್ತದೆ. ಒಳಗೆ ಬಂದವರೂ ನಾಲ್ಕು ಸಲ ಕಡೆದು ಮುಂದೆ ಹೋಗುವುದು ರೂಢಿ. ಬ್ಯಾಕ್ಟೀರಿಯಾದ ಜೊತೆ ಯೀಸ್ಟ್ ಕೂಡ ಸೇರಿ ಹುಳಿ, ನೊರೆ, ಸುಮಾರು 2% ಮದ್ಯ ಇರುವ ಐರಗ್ ತಯಾರಾಗುತ್ತದೆ.

1253ರಲ್ಲಿ ಹುಲ್ಲುಗಾವಲಿಗೆ ಬಂದ ರುಬ್ರುಕ್‌ನ ವಿಲಿಯಂ ಎಂಬ ಪಾದ್ರಿ ಇದನ್ನು ಕುಡಿದು, ನಾಲಿಗೆ ಚುರುಗುಟ್ಟಿತು, ಆಮೇಲೆ ಬಾದಾಮಿ ಹಾಲಿನ ರುಚಿ ಉಳಿಯಿತು ಎಂದು ಬರೆದ. ಹುಳಿ ಹಾಲನ್ನು ಕಾಯಿಸಿ, ಬಿಸಿಲಲ್ಲಿ ಕಬ್ಬಿಣದ ಕಿಟ್ಟದಷ್ಟು ಗಟ್ಟಿಯಾಗಿ ಒಣಗಿಸಿ, ಚಳಿಗಾಲಕ್ಕೆ ಚೀಲದಲ್ಲಿ ಇಡುತ್ತಿದ್ದುದನ್ನೂ ಅವನು ನೋಡಿದ. ಹಗುರ, ಕೆಡುವುದಿಲ್ಲ, ಬಿಸಿನೀರಲ್ಲಿ ಕದಡಿದರೆ ಊಟ. ಸವಾರರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದಿತ್ತು?

ರಾಜಧಾನಿ ಕಾರಕೋರಂನಲ್ಲಿ ಪ್ಯಾರಿಸ್‌ನ ಅಕ್ಕಸಾಲಿಗನೊಬ್ಬ ಮಾಡಿದ ಬೆಳ್ಳಿಯ ಮರವನ್ನೂ ವಿಲಿಯಂ ಕಂಡ. ಅದರ ಕೊಳವೆಗಳಿಂದ ಕುದುರೆ ಹಾಲಿನ ಪಾನೀಯ ಸುರಿಯುತ್ತಿತ್ತು. ಜೊತೆಗೆ ದ್ರಾಕ್ಷಿ ಮದ್ಯ, ಜೇನಿನ ಮದ್ಯ, ಅಕ್ಕಿಯ ಮದ್ಯ. ನನ್ನ ಲೆಕ್ಕದಲ್ಲಿ ಖಾನರಿಗೆ ಕೈಕೊಟ್ಟಿದ್ದು ಈ ಜೊತೆಯೇ. ತಿಳಿ ಐರಗ್ ಕುಡಿದು ಬೆಳೆದವರಿಗೆ ಗೆದ್ದ ನಾಡುಗಳ ಗಡಸು ಮದ್ಯ ಯಥೇಚ್ಛವಾಗಿ ಸಿಕ್ಕಿತು. ಚೆಂಗೀಸನ ಮಗ ಒಗೆದೈಗೆ ಕುಡಿತದ ಲೋಟಗಳನ್ನು ಎಣಿಸಲು ಒಬ್ಬ ಅಧಿಕಾರಿಯನ್ನೇ ನೇಮಿಸಿದ್ದರಂತೆ. ಅವನು ಎಣಿಕೆ ಮೀರಲಿಲ್ಲ, ಸುಮ್ನೆ ದೊಡ್ಡ ಲೋಟ ತರಿಸಿಕೊಂಡ. 1241ರ ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಕುಡಿದ ಮೇಲೆ ತೀರಿಕೊಂಡ.