ಮೂರು ಗೆರೆಯ ಬಾಣ: ಹಳೆ ಮಿಲಿಟರಿ ಹತ್ಯಾರಗಳ ಮೇಲಿನ ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಿಲಿಟರಿ ಲಾರಿಯ ನಂಬರ್ ಪ್ಲೇಟ್ ಮೇಲೆ ಅಂಕಿಗಳ ಜೊತೆ ಮೇಲ್ಮುಖದ ಬಾಣವೊಂದು ಇರುತ್ತದೆ, ಅಲ್ವಾ? ಪ್ಲೇಟ್ ತಲೆಕೆಳಗಾಗಿ ಕೂತರೆ ಗೊತ್ತಾಗಲಿ ಅಂತ ಹಾಕಿದ್ದು ಅನ್ನುವ ಮಾತು ಓಡಾಡುತ್ತಲೇ ಇದೆ. ಆದರೆ ಅದು ಬ್ರಿಟಿಷ್ ಸೇನೆಯಿಂದ ಬಂದ 'ಬ್ರಾಡ್ ಆರೋ', ಸರ್ಕಾರಿ ಸ್ವತ್ತಿನ ಗುರುತು. ಹಳೆ ಸ್ಪ್ಯಾನರ್, ಕೊಡಲಿ, ಕಟಿಂಗ್ ಪ್ಲೇಯರ್‌ಗಳ ಮೇಲೆ ಅದೇ ಬಾಣ ಕಂಡರೆ ಈಗ ಬೆಲೆ ಏರುತ್ತದೆ. ಗೊಂದಲವೂ ಅಲ್ಲಿಂದಲೇ ಶುರು.

ಬಾಣ ತುಂಬಾ ಹಳೆಯದು. 1386ರಲ್ಲಿ ಲಂಡನ್ನಿನ ಥಾಮಸ್ ಸ್ಟೋಕ್ಸ್ ಅನ್ನುವವನು ಅರಮನೆಯ ಅಧಿಕಾರಿಯ ಸೋಗು ಹಾಕಿ, ಬಿಯರ್ ಪೀಪಾಯಿಗಳ ಮೇಲೆ ಬಾಣದ ಮೊನೆ ಬರೆದು ವಶಪಡಿಸಿಕೊಂಡಿದ್ದ. ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ನಕಲಿ ಗುರುತಿನ ದಂಧೆಗೆ ಆರುನೂರು ವರ್ಷ ದಾಟಿದೆ ಅಂತಾಯಿತು. 1698ರ ಕಾನೂನು ಬಾಣದ ಗುರುತಿನ ಮಾಲು ಖಾಸಗಿಯವರ ಹತ್ತಿರ ಇರುವುದನ್ನೇ ಅಪರಾಧ ಮಾಡಿತು. 1875ರ ಕಾನೂನಿನಲ್ಲಿ ಗುರುತು ಅಳಿಸುವುದಕ್ಕೂ ಶಿಕ್ಷೆ ಬಂತು. ನಡುವೆ 1855ರಲ್ಲಿ, ಸೇನೆಗೆ ಶಸ್ತ್ರ, ಸಾಮಾನು ಒದಗಿಸುತ್ತಿದ್ದ ಆರ್ಡ್‌ನೆನ್ಸ್ ಬೋರ್ಡ್ ಹೋಗಿ, ವಾರ್ ಡಿಪಾರ್ಟ್‌ಮೆಂಟಿನ 'ಡಬ್ಲ್ಯೂಡಿ' ಅಕ್ಷರಗಳು ಬಾಣದ ಜೊತೆ ಸೇರಿಕೊಂಡವು.

ಸಾಮ್ರಾಜ್ಯ ಹರಡಿದಂತೆ ಬಾಣಕ್ಕೂ ಅಕ್ಷರಗಳು ಅಂಟಿದವು. 'ಸಿ' ಒಳಗೆ ಬಾಣ ಇದ್ದರೆ ಕೆನಡಾ. ಎರಡು 'ಡಿ'ಗಳ ನಡುವೆ ಇದ್ದರೆ ಆಸ್ಟ್ರೇಲಿಯಾ. 'ಯು' ಜೊತೆ ಇದ್ದರೆ ದಕ್ಷಿಣ ಆಫ್ರಿಕಾ. 'ಐ' ಇದ್ದರೆ ಇಂಡಿಯಾ, ಅಂದರೆ ನಮ್ಮದು.

ನಮ್ಮ ಕಡೆ ಸಿಗುವ ಮಾಲು ಹೆಚ್ಚಾಗಿ ಎರಡನೇ ಮಹಾಯುದ್ಧದ ಕಾಲದ್ದು. ಆಗ ಭಾರತ ಪೂರ್ವದ ರಣರಂಗಗಳಿಗೆಲ್ಲ ಉಗ್ರಾಣ. ಸರ್ಕಾರಿ ಕಾರ್ಖಾನೆಗಳು ಸಾಲದೆ ರೈಲ್ವೆ ವರ್ಕ್‌ಶಾಪ್‌ಗಳಿಗೂ ಖಾಸಗಿ ಕಾರ್ಖಾನೆಗಳಿಗೂ ಕೆಲಸ ಹಂಚಿದರು. ಇಂಗ್ಲೆಂಡಿನ ಎಲ್ವೆಲ್, ಬ್ರೇಡ್ಸ್ ಕಂಪನಿಗಳ ಕೊಡಲಿ, ಸಲಿಕೆಗಳ ಮೇಲೆ ಹೆಸರು, ಇಸವಿ, ಬಾಣ ಮೂರೂ ಸಾಲಾಗಿ ಇರುವುದುಂಟು. ಇಲ್ಲಿ ತಯಾರಾದ ಮಾಲಿನಲ್ಲಿ ಎಷ್ಟೋ ಸಲ ಒಂದೆರಡು ಅಕ್ಷರ, ಇಸವಿ, ಬಾಣ ಅಷ್ಟೇ. ಮಾಡಿದವರು ಯಾರು ಅಂತ ಆ ಎರಡು ಅಕ್ಷರದಿಂದ ಹೇಳುವುದು ಬಹಳ ಸಲ ಊಹೆಯೇ.

ಬೆಂಗಳೂರಿನ ಕಥೆ ಇನ್ನೂ ಸಿಕ್ಕು. ಕಂಟೋನ್ಮೆಂಟ್ 1809ರಿಂದ ಇದೆ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ನೆಲೆಯೂ ಇಲ್ಲೇ. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡು ವಿಮಾನ ರಿಪೇರಿ ನಡೆಸಿತು. ಅಮೆರಿಕದವರದು 'ಯುಎಸ್' ಅಕ್ಷರ, ಇಲ್ಲವೇ ಉರಿಯುವ ಗುಂಡಿನ ಚಿತ್ರ. ಬ್ರಿಟಿಷ್ ವಾಯುಪಡೆಯದು ಕಿರೀಟದ ಕೆಳಗೆ 'ಎಎಂ', ಅಂದರೆ ಏರ್ ಮಿನಿಸ್ಟ್ರಿ. ಹಾಗಾಗಿ ಒಂದೇ ಗುಜರಿ ರಾಶಿಯಲ್ಲಿ ಇವೆಲ್ಲ ಒಟ್ಟಿಗೆ ಸಿಕ್ಕರೆ ಆಶ್ಚರ್ಯವಿಲ್ಲ.

ಯುದ್ಧ ಮುಗಿಯಿತು. ಮಿಕ್ಕ ಮಾಲು 'ಡಿಸ್ಪೋಸಲ್' ಆಗಿ ಪೇಟೆಗೆ ಬಂತು. ಮಾರಿದ ವಸ್ತುವಿನ ಮೇಲೆ ಇನ್ನೊಂದು ಬಾಣವನ್ನು ಮೊನೆಗೆ ಮೊನೆ ತಾಗುವಂತೆ ಒತ್ತಬೇಕು, ನೋಡಲು ನಕ್ಷತ್ರದ ಹಾಗೆ ಕಾಣಬೇಕು ಅನ್ನುವುದು ಪದ್ಧತಿ. ಟನ್‌ಗಟ್ಟಲೆ ಸ್ಪ್ಯಾನರ್ ತೂಕಕ್ಕೆ ಹೋಗುವಾಗ ಒಂದೊಂದನ್ನೂ ಎತ್ತಿ ಯಾರು ಒತ್ತುತ್ತಾರೆ? ಆದ್ದರಿಂದ ನಕ್ಷತ್ರ ಇಲ್ಲದ ಮಾತ್ರಕ್ಕೆ ಕದ್ದ ಮಾಲು ಅಂತ ಅನುಮಾನಿಸುವುದು ಅನ್ಯಾಯ.

ಇನ್ನು ಅಂಕಿಗಳು. ಸ್ಪ್ಯಾನರ್ ಮೇಲೆ '1/4 ಡಬ್ಲ್ಯೂ 5/16 ಬಿಎಸ್' ಅಂತ ಕಂಡರೆ ಅದು ರಹಸ್ಯ ಸಂಕೇತವಲ್ಲ. ಅದು ಸ್ಪ್ಯಾನರ್ ಬಾಯಿಯ ಅಗಲವೂ ಅಲ್ಲ, ಬೋಲ್ಟಿನ ದಪ್ಪ. ವಿಟ್‌ವರ್ತ್, ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಎರಡೂ ಹಳೆ ಬ್ರಿಟಿಷ್ ಬೋಲ್ಟ್ ಮಾಪನ ಪದ್ಧತಿಗಳು. ಕಾಲು ಇಂಚಿನ ವಿಟ್‌ವರ್ತ್ ಬೋಲ್ಟಿಗೂ 5/16 ಇಂಚಿನ ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಬೋಲ್ಟಿಗೂ ತಲೆಯ ಅಳತೆ ಒಂದೇ, 0.525 ಇಂಚು. ಇದನ್ನು 'ರೆಜಿಮೆಂಟ್ ನಂಬರ್' ಅಂತ ಹೇಳಿ ಮಾರುವವರಿದ್ದಾರೆ. ಪುಟ್ಟ ಕಿರೀಟ, ಅದರ ಜೊತೆ ಅಂಕಿ ಇದ್ದರೆ ಸಾಮಾನ್ಯವಾಗಿ ಅದು ತಪಾಸಣೆ ಮಾಡಿದವರ ಮುದ್ರೆ. ಸೇನೆಯ ಉಗ್ರಾಣದಲ್ಲಿ ವಸ್ತು ಗುರುತಿಸುವ ಹದಿಮೂರು ಅಂಕಿಯ ಸ್ಟಾಕ್ ನಂಬರ್ ಇದ್ದರೆ ಅದು ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರದ್ದು. ಅಮೆರಿಕ ಅದನ್ನು 1974ರಲ್ಲಿ ಜಾರಿಗೆ ತಂದಿತು.

ಸರ್ಕಾರದ್ದೋ ಅಲ್ಲವೋ ಅನ್ನುವ ಒಂದೇ ಪ್ರಶ್ನೆಗೆ ಉತ್ತರವಾಗಿ ಬಾಣ ಹುಟ್ಟಿತು. ಈಗ ಅದೇ ಬಾಣದಿಂದ ವಯಸ್ಸು, ಗುಣಮಟ್ಟ, ಯಾವ ಯುದ್ಧ, ಎಲ್ಲವನ್ನೂ ಹೊರಡಿಸಲು ನೋಡುತ್ತೇವೆ. ಬೇಡಿಕೆ ಇದ್ದಲ್ಲಿ ಪೂರೈಕೆಯೂ ಹುಟ್ಟುತ್ತದೆ. ಮೂರು ಗೆರೆ ಹೊಡೆಯಲು ಒಂದು ಉಳಿ ಸಾಕು. ಸಾದಾ ಹಳೆ ಕೊಡಲಿಗೆ ಬಾಣ ಬಿದ್ದರೆ ಬೆಲೆ ಜಾಸ್ತಿ. ಗೂರ್ಖಾಗಳ ಬಾಗಿದ ಕತ್ತಿ ಕುಕ್ರಿಗಳಲ್ಲಂತೂ ಹುಷಾರಾಗಿರಬೇಕು.

ಕೊಳ್ಳುವ ಮುಂಚೆ ಭೂತಗನ್ನಡಿ ಹಿಡಿದು ನೋಡಿ. ಹಳೆ ಒತ್ತಿನ ಅಂಚು ಕೈಯ ಬಳಕೆಯಿಂದ ಸವೆದಿರುತ್ತದೆ, ಗೆರೆಯ ತಳದಲ್ಲೂ ಸುತ್ತಲಿನದೇ ತುಕ್ಕು ಇರುತ್ತದೆ. ತುಕ್ಕಿನ ಗುಳಿಗಳನ್ನು ಕತ್ತರಿಸಿಕೊಂಡು ಗೆರೆ ಹೋಗಿದ್ದರೆ ಅದು ನಂತರ ಹೊಡೆದದ್ದು. ಹತ್ಯಾರ ಚೆನ್ನಾಗಿದ್ದರೆ ಕೊಳ್ಳಿ, ಬಾಣಕ್ಕೆ ಅಂತ ಮಾತ್ರ ಬೇರೆ ದುಡ್ಡು ಕೊಡಬೇಡಿ.