ಟ್ರ್ಯಾಕ್‌ಗೆ ಹೊರಟ ಸ್ವಿಫ್ಟ್‌ಗೆ 17 ಇಂಚಿನ ಅಲಾಯ್ ಬೇಕೇ?

ಪ್ರಶ್ನೆ: ನನ್ನ ಸ್ವಿಫ್ಟ್‌ನಲ್ಲಿ ಈಗಿರುವುದು 185/65 ಆರ್15 ಟೈರು. ಬೆಂಗಳೂರಿನಿಂದ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಒಯ್ದು ಓಡಿಸುವ ಆಸೆ ಇದೆ. ಕೋನ್‌ಗಳ ನಡುವೆ ಸಮಯ ಅಳೆದು ಓಡಿಸುವ ಆಟೋಕ್ರಾಸ್‌ನಲ್ಲೂ ಒಂದು ಕೈ ನೋಡಬೇಕು. 17 ಇಂಚಿನ ಅಲಾಯ್ ರಿಮ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ?

ಉತ್ತರ: ಬೇಡ. 15 ಇಂಚೇ ಇರಲಿ, ಆ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ.

ಅಂಗಡಿಯವರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ನಿಮ್ಮ ಟೈರಿನ ಸೈಡ್‌ವಾಲ್, ಅಂದರೆ ರಿಮ್‌ನಿಂದ ರಸ್ತೆ ಮುಟ್ಟುವ ಟ್ರೆಡ್‌ವರೆಗಿನ ಪಕ್ಕದ ಗೋಡೆಯ ಎತ್ತರ, 185 ಮಿಲಿಮೀಟರ್ ಅಗಲದ ಶೇ. 65: ಸುಮಾರು 120 ಮಿಲಿಮೀಟರ್. 17 ಇಂಚಿಗೆ ಹಾಕುವ 205/45 ಟೈರಿನದು 92. ಗಿಡ್ಡ ಸೈಡ್‌ವಾಲ್ ಕಡಿಮೆ ಬಾಗುತ್ತದೆ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ಸ್ಪಂದಿಸುತ್ತದೆ. ಆದರೆ ದೊಡ್ಡ ರಿಮ್ ಸಾಮಾನ್ಯವಾಗಿ ಭಾರ, ಅದರ ತೂಕವೂ ಅಂಚಿನ ಕಡೆಗೇ ಇರುತ್ತದೆ. ಅದನ್ನು ತಿರುಗಿಸಲು ಎಂಜಿನ್‌ಗೂ ನಿಲ್ಲಿಸಲು ಬ್ರೇಕ್‌ಗೂ ಹೆಚ್ಚು ಕೆಲಸ. ದಾರಿಯಲ್ಲೊಂದು ಗುಂಡಿ ಸಿಕ್ಕರೆ ರಿಮ್ ಬೆಂಡಾಗುವ ಭಯ ಬೇರೆ.

ಚಕ್ರವನ್ನೇ ಬದಲಿಸಬೇಕೆಂದಿದ್ದರೆ ವ್ಯಾಸ ಬಿಟ್ಟು ಅಗಲ ಹೆಚ್ಚಿಸಿ. 15 ಇಂಚು ವ್ಯಾಸ, 6.5 ಇಂಚು ಅಗಲದ ಹಗುರ ರಿಮ್ ಹುಡುಕಿ, ಅದಕ್ಕೆ 195/60 ಆರ್15 ಟೈರು ಹಾಕಿಸಿ. ರಿಮ್ ಅಗಲವಾದಷ್ಟೂ ಸೈಡ್‌ವಾಲ್ ನೆಟ್ಟಗೆ ನಿಲ್ಲುತ್ತದೆ, ತಿರುವಿನಲ್ಲಿ ಮಗುಚಿಕೊಳ್ಳುವುದಿಲ್ಲ. ಹೊರವ್ಯಾಸದಲ್ಲಿ ಶೇ. 1ರಷ್ಟೇ ವ್ಯತ್ಯಾಸ. ಸ್ವಿಫ್ಟ್‌ನ ಬೋಲ್ಟ್ ಅಳತೆ 4x100 (100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟ್), ರಿಮ್ ಕೂರುವ ನಡುಗುಂಬ ಅಂದರೆ ಹಬ್ 54.1 ಮಿಲಿಮೀಟರ್. ಹೊಸ ರಿಮ್‌ನ ನಡುರಂಧ್ರ ದೊಡ್ಡದಿದ್ದರೆ ಆ ಸಂದು ತುಂಬುವ ಸರಿಯಾದ ಹಬ್ ರಿಂಗ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ದೂರ, ಮೂಲ ರಿಮ್‌ನದಕ್ಕೆ ಹತ್ತಿರವಿರಲಿ. ಅದು ತಪ್ಪಿದರೆ ಟೈರು ಒಳಗೆ ಸಸ್ಪೆನ್ಷನ್‌ಗೆ ಅಥವಾ ಹೊರಗೆ ಫೆಂಡರ್‌ಗೆ ಉಜ್ಜುತ್ತದೆ.

ಇನ್ನು ರಬ್ಬರ್. ಅನೇಕ ಟೈರುಗಳ ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆ ಇರುತ್ತದೆ. ಅದು ಅಮೆರಿಕದ ಸವಕಳಿ ಮಾಪನ. ಮನೆಬಳಕೆಯ ಟೈರುಗಳಲ್ಲಿ ಸಾಮಾನ್ಯವಾಗಿ 300ಕ್ಕೂ ಮೇಲೆ, ಟ್ರ್ಯಾಕ್ ಕಡೆಗೆ ವಾಲಿದ ರಸ್ತೆ ಟೈರುಗಳಲ್ಲಿ 200ರ ಆಸುಪಾಸು. ಸಂಖ್ಯೆ ಇಳಿದಂತೆ ರಬ್ಬರ್ ಮೆದುವಾಗಿ ಹಿಡಿತ ಹೆಚ್ಚುತ್ತದೆ ಎನ್ನುವುದು ಸ್ಥೂಲವಾಗಿ ನಿಜ. ಆದರೆ ಈ ಸಂಖ್ಯೆಯನ್ನು ಕೊಡುವುದು ಆಯಾ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದನ್ನು ನಂಬಬಹುದು, ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಅಲ್ಲ.

ಆಟೋಕ್ರಾಸ್ ಮತ್ತು ಟ್ರ್ಯಾಕ್ ಟೈರಿನಿಂದ ಕೇಳುವುದೇ ಬೇರೆ ಬೇರೆ. ಕೋನ್‌ಗಳ ನಡುವೆ ಒಂದು ಓಟ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಟೈರು ಬಿಸಿಯೇರುವಷ್ಟರಲ್ಲಿ ನೀವು ಗೆರೆ ದಾಟಿರುತ್ತೀರಿ. ಅಲ್ಲಿ ತಣ್ಣಗಿದ್ದಾಗಲೇ ಹಿಡಿಯುವ ಟೈರು ಬೇಕು. ಇರುಂಗಾಟ್ಟುಕೋಟೈನ 3.7 ಕಿಲೋಮೀಟರ್ ಟ್ರ್ಯಾಕ್‌ನಲ್ಲಿ, ಚೆನ್ನೈ ಬಿಸಿಲಿನಲ್ಲಿ, ಹದಿನೈದು ನಿಮಿಷ ಓಡಿಸಿದರೆ ಅದೇ ಟೈರು ಕಾದು ಜಾರತೊಡಗಬಹುದು. ಅಲ್ಲಿ ಕಾವು ತಡೆಯುವುದು ಮುಖ್ಯ. ನಮ್ಮಲ್ಲಿ ಆಟೋಕ್ರಾಸ್ ಬಹಳ ಕಡೆ ಮಣ್ಣಿನ ಮೇಲೆಯೇ ನಡೆಯುತ್ತದೆ ಎನ್ನುವುದನ್ನೂ ಮರೆಯಬೇಡಿ. ಮಣ್ಣಿನಲ್ಲಿ 200ರ ಟೈರು ದಂಡ; ಆಳವಾದ ಗಟ್ಟಿ ಬ್ಲಾಕ್‌ಗಳ ರ‍್ಯಾಲಿ ಟೈರು ಬೇಕು.

ನಿಮ್ಮ ಮಟ್ಟಿಗೆ ಇನ್ನೂ ಒಂದು ಮಾತಿದೆ. ಟ್ರ್ಯಾಕ್‌ನಲ್ಲಿ ಓಡಿಸುವ ಟೈರಿನ ಮೇಲೆಯೇ ನೀವು ಬೆಂಗಳೂರಿಗೆ ಮರಳಬೇಕು. ಹೆದ್ದಾರಿಯಲ್ಲಿ ಮಳೆ ಹಿಡಿದರೆ, ಟ್ರೆಡ್‌ನಲ್ಲಿ ನೀರು ಹರಿಯುವ ಕಾಲುವೆಗಳು ಕಡಿಮೆಯಿರುವ ಸವೆದ ಸೆಮಿ-ಸ್ಲಿಕ್ ಟೈರು ನೀರಿನ ಮೇಲೆ ತೇಲುತ್ತದೆ. ಆದ್ದರಿಂದ ಮೊದಲ ವರ್ಷಕ್ಕೆ ಮಳೆಯಲ್ಲೂ ಹಿಡಿಯುವ ಒಳ್ಳೆಯ ಪರ್ಫಾರ್ಮೆನ್ಸ್ ಟೈರೇ ಸರಿ. ಕೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರದ್ದು. ಹಳೆಯ ಸ್ಟಾಕ್ ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ, ರಬ್ಬರ್ ಗಟ್ಟಿಯಾಗಿರುತ್ತದೆ.

ಗಾಳಿಯ ಒತ್ತಡ ನೋಡುವ ಒಳ್ಳೆಯ ಗೇಜ್ ಒಂದನ್ನು ಖಂಡಿತ ಕೊಳ್ಳಿ. ಜೊತೆಗೆ ಒಂದು ಸೀಮೆಸುಣ್ಣ. ಟ್ರೆಡ್‌ನ ಹೊರ ಅಂಚಿನಿಂದ ಸೈಡ್‌ವಾಲ್‌ವರೆಗೆ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಎಷ್ಟೋ ಟೈರುಗಳ ಭುಜದ ಬಳಿ ಚಿಕ್ಕ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅದರ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿಯಿದೆ. ಅದನ್ನೂ ದಾಟಿ ಕೆಳಗೆ ಅಳಿಸಿದ್ದರೆ ಟೈರು ಮಗುಚುತ್ತಿದೆ, ಎರಡು ಪಿಎಸ್‌ಐ ಹೆಚ್ಚಿಸಿ. ಗುರುತು ಮುಟ್ಟುವ ಮೊದಲೇ ನಿಂತಿದ್ದರೆ ಇಳಿಸಿ. ಮುಂಚಕ್ರ ಎಳೆಯುವ ಸ್ವಿಫ್ಟ್‌ನಲ್ಲಿ ಮುಂದಿನ ಟೈರುಗಳೇ ಮೊದಲು ಸೋಲುತ್ತವೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಓಡುವ ಟ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಎಡ ಮುಂದಿನದರ ಹೊರ ಅಂಚು ಎಲ್ಲಕ್ಕಿಂತ ಮೊದಲು ತಿನ್ನಿಸಿಕೊಳ್ಳುತ್ತದೆ.

ಬೆಳಿಗ್ಗೆ ತಣ್ಣಗೆ 33 ಪಿಎಸ್‌ಐ ಇದ್ದದ್ದು ಕೆಲವೇ ಸುತ್ತುಗಳಲ್ಲಿ 40ಕ್ಕೆ ಏರಬಹುದು. ಬಿಸಿಯಲ್ಲೇ 36ಕ್ಕೆ ಇಳಿಸಿದ್ದೀರಿ ಎಂದುಕೊಳ್ಳಿ. ಸಂಜೆ ಟೈರು ಆರಿದ ಮೇಲೆ ಅದರಲ್ಲಿ ಉಳಿಯುವುದು 29-30 ಮಾತ್ರ. ಹೊರಡುವ ಮುನ್ನ ಬಾಗಿಲ ಚೌಕಟ್ಟಿನ ಸ್ಟಿಕರ್ ನೋಡಿ ನಾಲ್ಕಕ್ಕೂ ಗಾಳಿ ತುಂಬಿಸಿ, ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿ ನೋಡಿಯೇ ಹೆದ್ದಾರಿಗೆ ಇಳಿಯಿರಿ.