ನಾನ್ಯುಕಿಗೆ ಫ್ಯಾನ್ ಬೇಡ ಮಾರಾಯ್ರೆ, ಸ್ವೆಟರ್ ತನ್ನಿ

ಪ್ರಶ್ನೆ: ಸಾರ್, ಮುಂದಿನ ತಿಂಗಳು ಕೆಲಸದ ಮೇಲೆ ಕೀನ್ಯಾದ ನಾನ್ಯುಕಿಗೆ ಬರ್ತಿದ್ದೀನಿ, ಆರು ತಿಂಗಳು ಇರ್ಬೇಕು. ಊರು ಭೂಮಧ್ಯರೇಖೆ ಮೇಲೇ ಇದೆಯಂತೆ. ಸೆಖೆ ತಡ್ಕೊಳ್ಳೋಕೆ ಏನೇನು ತರ್ಬೇಕು? ಒಂದು ಟೇಬಲ್ ಫ್ಯಾನ್ ತಂದ್ಬಿಡ್ಲಾ?

ಫ್ಯಾನಂತೆ! ಇದೇ ಪ್ರಶ್ನೆಗೆ ಉತ್ತರ ಬರ್ದು ಬರ್ದು ಸಾಕಾಗಿದೆ, ಆದ್ರೂ ಇನ್ನೊಂದ್ಸಲ ಹೇಳ್ತೀನಿ. ಇಲ್ಲಿ ನಾನಿರೋ ಮನೇಲಿ ಫ್ಯಾನ್ ಇಲ್ಲ, ಸೀಲಿಂಗಲ್ಲಿ ಫ್ಯಾನ್ ಹಾಕೋ ಕೊಂಡಿನೂ ಇಲ್ಲ, ಹಾಲಲ್ಲಿ ಬೆಂಕಿ ಹಾಕ್ಕೊಳ್ಳೋ ಗೂಡು ಮಾತ್ರ ಇದೆ. ಅರ್ಥ ಆಯ್ತಲ್ಲ?

ಹೋದ ಜುಲೈನಲ್ಲಿ ಹಾಸನ ಕಡೆ ಹುಡುಗ ಒಬ್ಬ ಬಂದ. ಸೂಟ್‌ಕೇಸ್ ತುಂಬ ಕಾಟನ್ ಶರ್ಟು, ಜೊತೆಗೆ ಬೆವರುಸಾಲೆ ಪೌಡರ್ ಎರಡು ಡಬ್ಬಿ. ಮೊದಲ ರಾತ್ರಿ ಎರಡು ಪಂಚೆ ಒಂದು ಟವೆಲ್ಲು ಸಾಲ್ದೆ ಕಿಟಕಿ ಕರ್ಟನ್ನೂ ಬಿಚ್ಚಿ ಹೊದ್ಕೊಂಡು ಮಲಗಿದ್ದ. ಬೆಳಿಗ್ಗೆ ಎದ್ದವನೇ ಮಿತುಂಬಾ ಸಂತೆಗೆ, ಅಂದ್ರೆ ಹಳೇ ಬಟ್ಟೆ ಗುಡ್ಡೆ ಹಾಕಿ ಮಾರೋ ಜಾಗಕ್ಕೆ ಓಡಿ, ಯಾವುದೋ ಜರ್ಮನ್ ಫುಟ್‌ಬಾಲ್ ಕ್ಲಬ್ಬಿನ ಜಾಕೆಟ್ ತಂದ. ಆರು ತಿಂಗಳು ಅದೇ ಅವನ ಯೂನಿಫಾರ್ಮು.

ಈ ಆಫ್ರಿಕಾ ಅಂದ್ರೆ ಬೆಂಕಿ, ಅದ್ರಲ್ಲೂ ಭೂಮಧ್ಯರೇಖೆ ಅಂದ್ರೆ ಕಾದ ಕಾವಲಿ ಅನ್ನೋದು ಯಾರ ತಲೆಯಿಂದನೂ ಹೋಗಲ್ಲ. ಊರಿನ ಬಿಸಿ ತಂಪು ತೀರ್ಮಾನ ಮಾಡೋದು ಬರೀ ಮ್ಯಾಪಲ್ಲಿರೋ ಗೆರೆ ಅಲ್ಲ ಸ್ವಾಮಿ, ಊರಿನ ಎತ್ತರ. ನಾನ್ಯುಕಿ ಸಮುದ್ರಮಟ್ಟದಿಂದ ಸುಮಾರು 1,950 ಮೀಟರ್ ಮೇಲಿದೆ, ನಮ್ಮ ಬೆಂಗಳೂರು 920 ಚಿಲ್ಲರೆ, ಅಂದ್ರೆ ಎರಡು ಬೆಂಗಳೂರು ಒಂದರ ಮೇಲೊಂದು ಇಟ್ಟಷ್ಟು. ಸಾವಿರ ಮೀಟರ್ ಏರಿದ್ರೆ ಹೆಚ್ಚುಕಮ್ಮಿ 6 ಡಿಗ್ರಿ ಇಳಿಯುತ್ತೆ, ನೀವೇ ಲೆಕ್ಕ ಹಾಕಿ. ಇನ್ನೂ ನಂಬಿಕೆ ಬರ್ಲಿಲ್ವಾ, ಮೊಂಬಾಸಾ ತಗೊಳ್ಳಿ. ಅದು ರೇಖೆಯಿಂದ 4 ಡಿಗ್ರಿ ದಕ್ಷಿಣಕ್ಕಿದೆ, ನಮಗಿಂತ ದೂರ, ಆದ್ರೆ ಸಮುದ್ರದ ದಡ, ಅಲ್ಲಿ ಮಂಗಳೂರಿನ ಹಾಗೆ ಬೆವರು ಸುರಿಯುತ್ತೆ. ರೇಖೆ ಮೇಲೇ ಕೂತಿರೋ ನಾವು ರಾತ್ರಿ 10 ಡಿಗ್ರಿಲಿ ಕಂಬಳಿ ಹುಡುಕ್ತೀವಿ. ಬೆಳಿಗ್ಗೆ ಬೇಗ ಎದ್ದು ಬಾಗಿಲು ತೆಗೆದ್ರೆ ಎದುರಿಗೆ 5,199 ಮೀಟರಿನ ಮೌಂಟ್ ಕೀನ್ಯಾ, ನೆತ್ತಿ ಮೇಲೆ ಬಿಳಿ ಹಿಮ, ಮೋಡ ಮುಚ್ಚೋಕೆ ಮುಂಚೆ ನೋಡ್ಕೋಬೇಕು. ಮಧ್ಯಾಹ್ನದ ಬಿಸಿಲು ಚುರ್ ಅನ್ನುತ್ತೆ, ಟೋಪಿ ತನ್ನಿ, ಬೇಡ ಅನ್ನಲ್ಲ. ನೆರಳಿಗೆ ಬಂದ್ರೆ ಮತ್ತೆ ತಣ್ಣಗೆ. ಜೂನಿಂದ ಆಗಸ್ಟ್ ಇಲ್ಲಿ ಚಳಿಗಾಲ ಅನ್ನೋದೂ ನೆನಪಿರ್ಲಿ.

(ಆ ಭೂಮಧ್ಯರೇಖೆ ಬೋರ್ಡ್ ಹತ್ರ ಬೋಗುಣಿಲಿ ನೀರು ಬಿಟ್ಟು, ಈ ಕಡೆ ಹಿಂಗೆ ಸುತ್ತುತ್ತೆ, ಇಪ್ಪತ್ತು ಹೆಜ್ಜೆ ಆ ಕಡೆ ಹೋದ್ರೆ ಹಂಗೆ ಸುತ್ತುತ್ತೆ ಅಂತ ತೋರಿಸ್ತಾರೆ. ಅದು ನೀರು ಸುರಿಯೋ ಕೈಚಳಕ. ದುಡ್ಡು ಕೊಡಿ, ನಗಾಡಿ, ಊರಿಗೆ ಫೋನ್ ಮಾಡಿ ವಿಜ್ಞಾನ ಅಂತ ಮಾತ್ರ ಹೇಳ್ಬೇಡಿ.)

ಫ್ಯಾನ್ ಜಾಗದಲ್ಲಿ ಕುಕ್ಕರ್ ಇಟ್ಕೊಳ್ಳಿ. ಈ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯೋಕೆ ಶುರು, ಪಾತ್ರೆಲಿ ಬೇಳೆ ಹಾಕಿದ್ರೆ ಕುದೀತಾನೇ ಇರುತ್ತೆ, ಬೇಯಲ್ಲ. ಸಾರಿನ ಪುಡಿ ತನ್ನಿ, ಕಾಳು ತರ್ಬೇಡಿ, ಹೆಸರುಕಾಳು ಇಲ್ಲಿ ಎನ್‌ಡೆಂಗು, ಅಲಸಂದೆ ಕುಂಡೆ, ತೊಗರಿಕಾಳು ಎಂಬಾಜಿ, ಮಾರ್ಕೆಟ್ಟಲ್ಲಿ ಮನಗು ಅಂತ ಕೇಳಿದ್ರೆ ನಮ್ಮ ಗಣಿಕೆ ಸೊಪ್ಪೇ ಕೊಡ್ತಾರೆ. ಬಂದ ದಿನವೇ ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡು ಎಂ-ಪೆಸಾ, ಅಂದ್ರೆ ಮೊಬೈಲಲ್ಲೇ ದುಡ್ಡು ಕಳ್ಸೋ ವ್ಯವಸ್ಥೆ, ಮಾಡಿಸ್ಕೊಳ್ಳಿ, ಸೊಪ್ಪಿನಮ್ಮನಿಂದ ಬೋಡಾ ಬೋಡಾ ಬೈಕಿನವನ ತನಕ ಎಲ್ಲರೂ ಅದರಲ್ಲೇ ತಗೊಳ್ಳೋದು. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2017ರಿಂದ ನಿಷೇಧ, ಚಕ್ಕುಲಿನ ಡಬ್ಬಿಲಿ ತನ್ನಿ. ಹಳದಿ ಜ್ವರದ ಲಸಿಕೆ ಹಾಕಿಸ್ಕೊಂಡು ಸರ್ಟಿಫಿಕೇಟ್ ಜೋಪಾನವಾಗಿ ಇಟ್ಕೊಳ್ಳಿ, ಅದಿಲ್ದೆ ವಾಪಸ್ ಹೋದ್ರೆ ನಮ್ಮವರೇ ಏರ್‌ಪೋರ್ಟಲ್ಲಿ ಹಿಡ್ಕೊಂಡು 6 ದಿನದ ತನಕ ಕ್ವಾರಂಟೈನಲ್ಲಿ ಕೂರಿಸಬಹುದು.

ನೀವು ಕೇಳಿಲ್ಲ, ಆದ್ರೂ ಗಡಿಯಾರದ್ದೊಂದು ವಿಷಯ ಹೇಳ್ಬಿಡ್ತೀನಿ. ಸ್ವಾಹಿಲಿಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲಿಂದ, ನಮ್ಮ ಪಂಚಾಂಗದ ಗಳಿಗೆ ಲೆಕ್ಕದ ಥರ. ಬೆಳಿಗ್ಗೆ ಏಳು ಅಂದ್ರೆ ಅವರಿಗೆ ಸಾ ಮೋಜಾ, ಒಂದು ಗಂಟೆ. ಭೂಮಧ್ಯರೇಖೆ ಅಲ್ವಾ, ವರ್ಷವಿಡೀ ಸೂರ್ಯ ಹುಟ್ಟೋದು ಆರೂವರೆ ಆಸುಪಾಸೇ, ಹಾಗಾಗಿ ಲೆಕ್ಕ ತಪ್ಪಲ್ಲ. ತಪ್ಪೋದು ನಮಗೆ. ಅದೇ ಮನುಷ್ಯ ಇಂಗ್ಲಿಷಲ್ಲಿ ನೈನ್ ಅಂದ್ರೆ ಒಂಬತ್ತೇ, ಸ್ವಾಹಿಲಿಲಿ ಸಾ ತಾತು, ಮೂರು ಗಂಟೆ, ಅಂದ್ರೂ ಒಂಬತ್ತೇ! ನಾನು ಬಂದ ಹೊಸದರಲ್ಲಿ ನಲ್ಲಿ ರಿಪೇರಿಗೆ ಫುಂಡಿನ, ಅಂದ್ರೆ ರಿಪೇರಿಯವನನ್ನ, ಕರೆದಿದ್ದೆ, ಸಾ ತಾತು ಬರ್ತೀನಿ ಅಂದ, ನಾನು ಒಂದು ಎರಡು ಮೂರು ಕಲಿತ ಹೆಮ್ಮೆಲಿ ತಲೆ ಆಡಿಸಿ, ಬೆಳಿಗ್ಗೆ ಬೀಗ ಹಾಕ್ಕೊಂಡು ಆಫೀಸಿಗೆ ಹೋಗಿ, ಮಧ್ಯಾಹ್ನ ರಜ ಹಾಕಿ ಬಂದು ಮೂರು ಗಂಟೆಯಿಂದ ಕತ್ತಲಾಗೋ ತನಕ ಬಾಗಿಲಲ್ಲಿ ಕೂತಿದ್ದೆ. ಪಾಪ ಅವನು ಬೆಳಿಗ್ಗೆ ಒಂಬತ್ತಕ್ಕೇ ಬಂದು ಬೀಗ ನೋಡ್ಕೊಂಡು ಹೋಗಿದ್ದನಂತೆ, ಪಕ್ಕದ ಮನೆ ಮಾಮಾ (ಇಲ್ಲಿ ಮಾಮಾ ಅಂದ್ರೆ ಅಮ್ಮ) ನಕ್ಕು ನಕ್ಕು ಹೇಳಿದ್ಲು. ನಲ್ಲಿ ಇನ್ನೂ ಎರಡು ದಿನ ತೊಟ್ಟಿಕ್ತಾನೇ ಇತ್ತು.